ನೂರಹತ್ತೊಂಬತ್ತನೆಯ ಲಕೋಟೆ

ಬಸ್ಸಿನಲ್ಲಿ ಎದುರು ಸೀಟಿನ ಮುದುಕ ಬಾಯಿ ತೆರೆದು ನಿದ್ದೆ ಹೋಗಿದ್ದ. ಉನೈಸಿ ಅವನ ಉಸಿರು ಎಣಿಸುತ್ತಿದ್ದಳು. ಹದಿಮೂರು, ಹದಿನಾಲ್ಕು. ನಿಮಿಷ ತುಂಬುವ ಮುಂಚೆ ಬಸ್ಸು ಗುಂಡಿಗಿಳಿದು ಅವನಿಗೆ ಎಚ್ಚರವಾಯಿತು; ಎದುರಿಗೆ ಕೂತ ಹೆಂಗಸು ತನ್ನ ಎದೆಯನ್ನೇ ದಿಟ್ಟಿಸುತ್ತಿರುವುದನ್ನು ಕಂಡು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಉನೈಸಿಯ ಕಿವಿ ಬಿಸಿಯಾಯಿತು. ನಾನು ಡಾಕ್ಟರು, ಎಣಿಸುವುದು ನನ್ನ ಕೆಲಸ ಎಂದು ಹೇಳಬಹುದಿತ್ತು. ಆದರೆ ಮುದುಕರ ಉಸಿರು ಅವಳ ಕೆಲಸವಲ್ಲ. ಅವಳ ಕೆಲಸ ಹುಟ್ಟಿ ಒಂದು ದಿನವೂ ಆಗದ ಕೂಸುಗಳ ಉಸಿರು. ಹನ್ನೊಂದು ವರ್ಷ ಅದನ್ನೇ ಎಣಿಸಿ, ಬರೆದು, ಕೂಡಿ, ಭಾಗಿಸಿ, ಈಗ ಕಣ್ಣು ತಾನಾಗಿ ಎಣಿಸುತ್ತದೆ: ಚರ್ಚಿನಲ್ಲಿ ಮುಂದಿನ ಬೆಂಚಿನ ಹೆಂಗಸರ ಬೆನ್ನು, ಅಂಗಡಿ ಮೆಟ್ಟಿಲ ಮೇಲೆ ಮಲಗಿದ ನಾಯಿಯ ಪಕ್ಕೆ. ಎಣಿಸಲಾಗದೆ ಮುಖ ತಿರುಗಿಸಿಕೊಂಡ ಎದೆ ಒಂದೇ ಒಂದು. ಅದನ್ನು ಈಗ ನೆನೆಯುವುದು ಬೇಡ ಎಂದು ಹೊರಗೆ ನೋಡಿದಳು. ಬಸ್ಸಿನ ಕಿಟಕಿಗೆ ಗಾಜಿಲ್ಲ, ಸುತ್ತಿ ಕಟ್ಟಿದ ಟಾರ್ಪಾಲು ಮಾತ್ರ. ಕಬ್ಬಿನ ಗದ್ದೆಗೆ ಬೆಂಕಿ ಕೊಟ್ಟಿದ್ದರು. ಮಸಿಯ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಅವಳ ಬಿಳಿ ಕೋಟಿನ ಮೇಲೆ ಕೂತವು. ಒರೆಸಿದರೆ ಹರಡುತ್ತದೆ, ಊದಿದರೆ ಹೋಗುತ್ತದೆ, ಇದು ಗಿರಣಿ ಊರಿನ ಮಕ್ಕಳಿಗೂ ಗೊತ್ತು. ಅವಳು ಒರೆಸಿದಳು.

ಚೀಲದಲ್ಲಿ ಒಂದು ಹಾಳೆಯಿತ್ತು, ಮೆಲ್ಬರ್ನಿನ ಪ್ರೊಫೆಸರು ಈ ದ್ವೀಪಕ್ಕೆ ಕಳಿಸಿದ್ದು. ಎರಡು ವರ್ಷದ ಅಧ್ಯಯನ ಇವತ್ತಿಗೆ ಮುಗಿಯುತ್ತದೆ. ನೂರಿಪ್ಪತ್ತು ಕೂಸುಗಳು. ಕೊನೆಯದರ ತಪಾಸಣೆ ಇವತ್ತು. ಆಮೇಲೆ ಉನೈಸಿ ಆ ಹಾಳೆಗೆ ಸಹಿ ಹಾಕಿದರೆ ಅವರು ಪಟ್ಟಿಗೆ ಬೀಗ ಜಡಿದು ಫಲಿತಾಂಶ ನೋಡುತ್ತಾರೆ. ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: ಎಲ್ಲ ಲಕೋಟೆಗಳನ್ನೂ ಸಂಖ್ಯೆಯ ಕ್ರಮದಲ್ಲಿ, ಮಗುವಿನ ಹೆಸರು ಬರೆದ ಮೇಲೆಯೇ ತೆರೆಯಲಾಗಿದೆ. ಅದನ್ನು ರಾತ್ರಿ ಊಟದ ಮೇಜಿನ ಮೇಲಿಟ್ಟು ಪೆನ್ನು ಹಿಡಿದು ಕೂತಿದ್ದಳು. ಬೆಳಿಗ್ಗೆ ಮಡಿಚಿ ಚೀಲಕ್ಕೆ ತುರುಕಿದಳು. ಸಹಿ ಹಾಕುತ್ತೇನೆ, ಆಸ್ಪತ್ರೆಯಲ್ಲಿ ಹಾಕುತ್ತೇನೆ, ಅದೇನು ಮಹಾ ಎಂದುಕೊಂಡಿದ್ದಳು. ನೂರಿಪ್ಪತ್ತರಲ್ಲಿ ನೂರಹದಿನೆಂಟು ಸರಿಯಾಗಿಯೇ ಇವೆ. ಪರೀಕ್ಷೆಯಲ್ಲಾದರೆ ಮೊದಲ ದರ್ಜೆ.

ಏದುಸಿರು ಬಿಡುವ ಕೂಸಿಗೆ ಆಕ್ಸಿಜನ್ ಕೊಡಲು ಈ ಆಸ್ಪತ್ರೆಯಲ್ಲಿ ಎರಡು ದಾರಿ ಇದ್ದವು. ಒಂದು, ಮೂಗಿಗೆ ಸಣ್ಣ ಕೊಳವೆಯಿಟ್ಟು ಸುಮ್ಮನೆ ಬಿಡುವುದು. ಇನ್ನೊಂದು, ಕೊಳವೆಯ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವಷ್ಟು ಒತ್ತಡದಲ್ಲಿ ಶ್ವಾಸಕೋಶ ಮುಚ್ಚಿಹೋಗದಂತೆ ಹಿಡಿದಿಡುವುದು. ಹಗಲೂ ರಾತ್ರಿ ಗುಳುಗುಳು ಸದ್ದು ಮಾಡುವ ಆ ಬಾಟಲಿಯ ಮೇಲೆ ವಾರ್ಡಿನ ಆಯಾಗಳಿಗೂ ಪ್ರೀತಿ. ಸದ್ದು ಮಾಡುವುದು ಕೆಲಸ ಮಾಡುತ್ತದೆ ಎಂಬ ನಂಬಿಕೆ. ಉನೈಸಿ ಮಾತ್ರ ಹಾಗೆ ನಂಬುವಂತಿರಲಿಲ್ಲ. ಯಾವುದು ಮೇಲೆಂದು ಗೊತ್ತಿಲ್ಲ ಎಂಬ ಜಾಗದಲ್ಲಿ ಎರಡು ವರ್ಷ ನೆಟ್ಟಗೆ ನಿಂತಿರುವುದೇ ಅವಳ ಉದ್ಯೋಗ. ಯಾವ ಕೂಸಿಗೆ ಯಾವುದು ಎಂದು ಲಕೋಟೆ ಹೇಳುತ್ತದೆ. ಮೊದಲು ಬಂದ ಕೂಸಿಗೆ ಮುಂದಿನ ಲಕೋಟೆ. ತಾಯಂದಿರಿಗೆ ಅವಳೇ ವಿವರಿಸುತ್ತಿದ್ದಳು: ‘ಇದನ್ನ ನಾನು ಆರ್ಸೋದಲ್ಲ ಕಣಮ್ಮ, ಯಾರೂ ಆರ್ಸೋದಲ್ಲ.’ ಹಾಗೆ ಹೇಳುವಾಗ ಅವಳಿಗೆ ತನ್ನ ಮೇಲೆ ಗೌರವ ಬರುತ್ತಿತ್ತು.

‘ಬಂದ್ಳಪ್ಪ ಏಡಿಕಳ್ಳಿ,’ ಎಂದಳು ಸಿಸ್ಟರ್ ಮಕೆರೆತಾ, ಇವಳು ವಾರ್ಡಿನ ಬಾಗಿಲು ದಾಟುವ ಮುಂಚೆಯೇ. ಇಬ್ಬರ ಊರುಗಳ ನಡುವೆ ಬೈದಾಡುವ ನಂಟು, ಅಜ್ಜಂದಿರ ಕಾಲದಿಂದ ಬಂದದ್ದು; ಏನು ಬೈದರೂ ಸಿಟ್ಟು ಮಾಡುವಂತಿಲ್ಲ, ತಿರುಗಿ ಬೈಯಬೇಕು. ದಿನಾ ಬೆಳಿಗ್ಗೆ ಉನೈಸಿ ‘ದೋಣಿ ಕಟ್ಟಿ ನೀರಿಗಿಳಿಸೋದು ಮರ್ತೋರ ಊರಿನವಳೇ’ ಎಂದು ಶುರುಮಾಡುತ್ತಿದ್ದಳು. ಇವತ್ತು ಕೈತೊಳೆಯಲು ನಲ್ಲಿ ತಿರುಗಿಸಿದಳು.

‘ಏನೇ ಇದು, ಬಾಯಿ ಎಲ್ಲಿ ಬಿಟ್ಟು ಬಂದೆ? ಬೈಯ್ದೆ ಇದ್ರೆ ನಂಗೆ ಟೀ ಇಳಿಯಲ್ಲ.’

‘ತಲೆನೋವು.’

‘ಸಹಿ ಹಾಕಿದ್ಯಾ?’

ಉನೈಸಿ ಬೆರಳ ಸಂದುಗಳನ್ನು ತೊಳೆಯುತ್ತಲೇ ಇದ್ದಳು. ಮಕೆರೆತಾ ಹತ್ತಿರ ಬಂದು ದನಿ ತಗ್ಗಿಸಿದಳು. ಅರವತ್ತರ ಹತ್ತಿರದ ದಪ್ಪ ಹೆಂಗಸು, ಉಬ್ಬಸ, ನಿಮಿಷಕ್ಕೆ ಇಪ್ಪತ್ತೆರಡು. ‘ನೋಡು, ಆ ಲಕೋಟೆಗೆ ಸಾಕ್ಷಿ ಅಂತ ನಾನೂ ಸಹಿ ಹಾಕಿದೀನಿ ಅವತ್ತು. ನಿವೃತ್ತಿಗೆ ಇನ್ನು ಎಂಟು ತಿಂಗ್ಳು. ಹಾಕಿ ಮುಗ್ಸು. ಹೋದ ಕೂಸೇನು ಎದ್ದು ಬರುತ್ತಾ?’ ಆಮೇಲೆ ಜೋರಾಗಿ, ವಾರ್ಡಿಗೆಲ್ಲ ಕೇಳುವಂತೆ, ‘ಇವತ್ತು ಒಂದೇ ಮಗು ಬರೋದು. ನೂರಹತ್ತೊಂಬತ್ತು. ಇನ್ನೊಂದಕ್ಕೆ ಗೆರೆ ಹೊಡ್ದಿದೀನಿ.’

ಆ ಗೆರೆಯನ್ನು ಸ್ಕೇಲು ಇಟ್ಟು ಎಳೆದಿದ್ದಳು. ಲಿತಿಯಾಳ ಮಗು, ಹೆಣ್ಣು, ಸಂಖ್ಯೆ ನೂರಿಪ್ಪತ್ತು. ಗೆರೆಯ ಕೆಳಗೂ ಹೆಸರು ಓದಬಹುದಿತ್ತು: ಉನೈಸಿ. ಹುಟ್ಟಿದ ಎರಡನೆಯ ದಿನ ಚಿಕ್ಕಮ್ಮ ವಾರ್ಡಿಗೆ ಬಂದು ಹೇಳಿದ್ದಳು, ‘ನಿನ್ನ ಹೆಸ್ರೇ ಇಟ್ಟಿದೀವಿ, ಇನ್ಮೇಲೆ ಅರ್ಧ ನಿಂದೇ ಮಗು, ನೀನೇ ನೋಡ್ಕೋ’ ಎಂದು. ಚಿಕ್ಕಮ್ಮನ ಮಗಳು ಲಿತಿಯಾ. ಇವಳೇ ಕೈಹಿಡಿದು ನದಿಯಲ್ಲಿ ಈಜು ಕಲಿಸಿದ ತಂಗಿ. ಮೇ ತಿಂಗಳ ಆ ಬೆಳಿಗ್ಗೆ ಅವಳನ್ನು ತಳ್ಳುಗಾಡಿಯಲ್ಲಿ ತಂದಾಗ ಉನೈಸಿ ಮೊದಲು ನೋಡಿದ್ದು ತಂಗಿಯನ್ನಲ್ಲ, ಕೂಸಿನ ಪಕ್ಕೆಯನ್ನು. ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿತ್ತು. ಎಪ್ಪತ್ತೆಂಟು. ಒಪ್ಪಿಗೆಯ ಕಾಗದ ಇನ್ನೂ ಮುಗಿದಿರಲಿಲ್ಲ, ಅರ್ಧ ಗಂಟೆ ಬಿಟ್ಟು ಇನ್ನೊಂದು ಕೂಸು ಬಂತು, ಗಂಡು, ಹಿಂದಿ ಮಾತಿನವರ, ಕಬ್ಬು ಬೆಳೆಯುವವರ ಮನೆಯದು. ಅದರದ್ದು ಎಪ್ಪತ್ತಾರು. ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಎರಡೇ ಲಕೋಟೆ. ಮೆಲ್ಬರ್ನಿನಿಂದ ಬಂದವುಗಳ ಒಳಗೆ ಬೆಳ್ಳಿ ಹಾಳೆ ಇರುತ್ತಿತ್ತು, ಸೂರ್ಯನಿಗೆ ಹಿಡಿದರೂ ಏನೂ ಕಾಣದು. ಕೊನೆಯ ಕೆಲವು ನೆನೆದು ಹಾಳಾಗಿದ್ದರಿಂದ ಗುಮಾಸ್ತರು ಅವುಗಳೊಳಗಿನ ಚೀಟಿಗಳನ್ನು ಇಲ್ಲಿಯ ಅಂಗಡಿಯ ಕಂದು ಲಕೋಟೆಗೆ ಹಾಕಿ ಅಂಟಿಸಿದ್ದರು.

ಎಕ್ಸ್‌ರೇ ನೋಡುವ ದೀಪದ ಹಲಗೆ ಹೊತ್ತಿಕೊಂಡೇ ಇತ್ತು. ಯಾರದೋ ಎದೆಯ ಚಿತ್ರ ಅದರ ಮೇಲೆ. ಅವಳು ಆ ಚಿತ್ರವನ್ನು ತೆಗೆದು, ಅದೇ ಜಾಗದಲ್ಲಿ ನೂರಹತ್ತೊಂಬತ್ತನೆಯ ಲಕೋಟೆಯನ್ನು ಒತ್ತಿ ಹಿಡಿದಳು. ಬೇಕೆಂದು ಮಾಡಿದಳೇ? ಕೈ ತಾನಾಗಿ ಹೋಯಿತು ಎಂದು ನಾಲ್ಕು ತಿಂಗಳಿಂದ ತನಗೆ ತಾನೇ ಹೇಳಿಕೊಂಡಿದ್ದಾಳೆ. ಆದರೆ ಕೈ ತಾನಾಗಿ ಚಿತ್ರ ತೆಗೆಯುವುದಿಲ್ಲ, ತಾನಾಗಿ ಬಾಗಿಲ ಕಡೆ ನೋಡುವುದಿಲ್ಲ. ಕಂದು ಕಾಗದದ ಆಚೆ ಅಕ್ಷರಗಳು ಕಂಡವು: ಮೂಗಿನ ಕೊಳವೆ. ಅಷ್ಟೇ. ಮೊದಲು ಬಂದ ಕೂಸು ಲಿತಿಯಾಳದು, ಮುಂದಿನ ಲಕೋಟೆ ಅದರದೇ. ‘ಇದರ ಮೇಲೆ ಆ ಇನ್ನೊಂದು ಮಗು ಹೆಸ್ರು ಬರಿ,’ ಎಂದಳು ಮಕೆರೆತಾಗೆ. ಮಕೆರೆತಾ ಅವಳನ್ನೊಮ್ಮೆ, ದೀಪವನ್ನೊಮ್ಮೆ ನೋಡಿ, ‘ನಂಗೆ ಕನ್ನಡಕ ಇಲ್ದೆ ಏನೂ ಕಾಣಲ್ಲ’ ಎಂದು ಬರೆದಳು. ಉಳಿದ ನೂರಿಪ್ಪತ್ತನೆಯ ಲಕೋಟೆಯಿಂದ ತಂಗಿಯ ಕೂಸಿಗೆ ಗುಳ್ಳೆ ಬಾಟಲಿ ಸಿಕ್ಕಿತು. ಮೂರನೆಯ ದಿನ ಆ ಒತ್ತಡಕ್ಕೇ ಎಡಗಡೆ ಶ್ವಾಸಕೋಶ ಹರಿದು ಗಾಳಿ ಎದೆಯೊಳಗೆ ಸೋರಿತು. ಸೂಜಿ ಚುಚ್ಚಿ ತೆಗೆಯಲು ನೋಡಿದರು. ಬಾಟಲಿ ಕೊನೆಯವರೆಗೂ ಗುಳುಗುಳು ಎನ್ನುತ್ತಿತ್ತು, ಯಾರೂ ಅದನ್ನು ನಿಲ್ಲಿಸಬೇಕೆಂದು ನೆನಪು ಮಾಡಿಕೊಳ್ಳಲಿಲ್ಲ.

ಅಂದಿನಿಂದ ಅವಳು ಮನಸ್ಸಿನಲ್ಲಿ ಚಿಕ್ಕಮ್ಮನ ಮನೆಗೆ ಎಷ್ಟು ಸಲ ಹೋಗಿ ಬಂದಿದ್ದಾಳೋ. ಕೈಯಲ್ಲಿ ಕ್ಷಮೆ ಕೇಳುವವರು ಒಯ್ಯುವ ತಿಮಿಂಗಿಲದ ಹಲ್ಲು, ಬಾಗಿಲ ಹತ್ತಿರವೇ ಚಾಪೆಯ ಮೇಲೆ ತಲೆ ಬಗ್ಗಿಸಿ ಕೂರುವುದು, ತನ್ನ ಪರವಾಗಿ ಮಾತಾಡಲು ಊರಿನ ಹಿರಿಯನೊಬ್ಬ. ತಪ್ಪಾಯಿತು, ಆ ತಪ್ಪನ್ನು ಮಣ್ಣು ಮಾಡಿಬಿಡಿ. ಆದರೆ ಆ ಹಿರಿಯನಿಗೆ ಏನು ತಪ್ಪೆಂದು ಹೇಳಿಕೊಡುವುದು? ಲಕೋಟೆಯನ್ನು ಮುಟ್ಟದೆ ಬಿಟ್ಟಿದ್ದರೆ ಕೂಸು ಬದುಕುತ್ತಿತ್ತು. ಈ ಮಾತು ನಿಜವೋ ಅಲ್ಲವೋ, ಅದೂ ಗೊತ್ತಿಲ್ಲ. ಗೊತ್ತಿಲ್ಲದಿರುವುದರಲ್ಲಿ ಇಷ್ಟು ವರ್ಷ ಪಳಗಿದವಳಿಗೆ ಇದೊಂದು ಗೊತ್ತಿಲ್ಲದ್ದನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ.

ಹತ್ತು ಗಂಟೆಗೆ ತಪಾಸಣೆ ಕೋಣೆಯ ಹೊರಗಿನ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಶಲೇಷ್ನಿ ಲತಾ, ನೂರಹತ್ತೊಂಬತ್ತರ ತಾಯಿ, ಹಸಿರು ಸಲ್ವಾರು, ಮೊಣಕಾಲ ಮೇಲೆ ರೊಟ್ಟಿಯ ಪೊಟ್ಟಣ. ಅವಳ ಕೈಯಲ್ಲಿ ಮಗು ಇರಲಿಲ್ಲ. ಮಗು ಪಕ್ಕದವಳ ತೊಡೆಯ ಮೇಲಿತ್ತು, ಕಪ್ಪು ಬಟ್ಟೆ ಉಟ್ಟಿದ್ದ ಪಕ್ಕದವಳ. ಸೂತಕದ ನೂರು ರಾತ್ರಿ ಕಳೆದು ಒಂಬತ್ತು ದಿನವಾಗಿದ್ದರೂ ಕಪ್ಪು ಬಿಚ್ಚಿರಲಿಲ್ಲ. ಲಿತಿಯಾ. ಉನೈಸಿಗೆ ಒಂದು ಕ್ಷಣ ಲೆಕ್ಕ ತಪ್ಪಿತು. ಗೆರೆ ಹೊಡೆದದ್ದು ಸುಳ್ಳು, ನೂರಿಪ್ಪತ್ತು ಬದುಕಿದೆ, ದುಂಡಗೆ ಬೆಳೆದು ತಾಯಿಯ ತೊಡೆಯ ಮೇಲೆ ಮುಷ್ಟಿ ಚೀಪುತ್ತಿದೆ ಎನ್ನಿಸಿಬಿಟ್ಟಿತು. ಮಗು ತಿರುಗಿದಾಗ ಹಣೆಯ ಮೇಲಿನ ಕಾಡಿಗೆಯ ಬೊಟ್ಟು ಕಂಡಿತು.

‘ಲಿತಿಯಾ, ನೀನ್ಯಾಕೆ...’

‘ಕಾರ್ಡಲ್ಲಿ ಬರ್ದಿತ್ತಲ್ಲಕ್ಕ,’ ಎಂದು ಲಿತಿಯಾ ಚೀಲದಿಂದ ಹಳದಿ ಕಾರ್ಡು ತೆಗೆದು ತೋರಿಸಿದಳು. ಸೆಪ್ಟೆಂಬರ್ ಒಂಬತ್ತು, ಹತ್ತು ಗಂಟೆ, ತಾಯಿ ಮತ್ತು ಮಗು ತಪ್ಪದೆ ಬರಬೇಕು. ಉನೈಸಿಯದೇ ಅಕ್ಷರ, ‘ತಪ್ಪದೆ’ ಎಂಬುದರ ಕೆಳಗೆ ಅವಳದೇ ಎರಡು ಗೆರೆ. ‘ಬರ್ದೇ ಇದ್ರೆ ನಿಂಗೆ ಮೇಲಿನೋರು ಏನಾದ್ರೂ ಅಂತಾರೇನೋ ಅಂತ ಬಂದೆ. ಇಬ್ರಲ್ಲಿ ನಾನೊಬ್ಳಾದ್ರೂ ಬಂದ್ನಲ್ಲ.’ ಹೇಳಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ‘ಅವ್ವ ಇದನ್ನ ಕಳ್ಸಿದಾಳೆ.’ ಸುರುಳಿ ಸುತ್ತಿದ ಸಣ್ಣ ಚಾಪೆ, ಅಂಚಿಗೆ ಕೆಂಪು ಹಳದಿ ಉಲ್ಲನ್ನು. ಕೂಸಿಗೆಂದು ಲಿತಿಯಾ ಬಸುರಿಯಾಗಿದ್ದಾಗಲೇ ಹೆಣೆದದ್ದು. ‘ಮನೇಲಿ ಇಟ್ಕೊಂಡು ಏನ್ಮಾಡೋದು, ಇಲ್ಲಿ ಬರೋ ಕೂಸುಗಳ ಕೆಳಗೆ ಹಾಸು ಅಂದ್ಳು.’

ಉನೈಸಿ ಚಾಪೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಹೀಗೆ ಇಸಿದುಕೊಂಡಾಗ ಮೂರು ಸಲ ಮೆಲ್ಲಗೆ ಕೈ ತಟ್ಟಬೇಕು, ನಾಲ್ಕು ಮಾತು ಆಡಬೇಕು. ಅವಳು ಅದ್ಯಾವುದೂ ಮಾಡದೆ ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಶಲೇಷ್ನಿಗೆ ಏನಾದರೂ ಹೇಳಬೇಕಲ್ಲ ಎಂದು ಹಿಂದಿಯಲ್ಲಿ, ‘ಮಗು ಹಾಲು ಕುಡೀತಾನಾ?’ ಎಂದು ಕೇಳಿದಳು.

‘ಚೆನ್ನಾಗಿ ಕುಡೀತಾನೆ ಡಾಕ್ಟ್ರೇ. ಬಸ್ಸಲ್ಲಿ ಅಳ್ತಿದ್ದ, ಇವ್ರ ಕೈಗೆ ಹೋದ್ಮೇಲೆ ಸುಮ್ನಾದ. ಇಲ್ಲೇ ಬಿಟ್ಟು ಹೋಗ್ಲಾ ಅಂತ ಕೇಳ್ದೆ ನೋಡಿ.’ ಶಲೇಷ್ನಿ ನಕ್ಕು, ತಕ್ಷಣ ಕಪ್ಪು ಬಟ್ಟೆಯ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

‘ಕೂತ್ಕೋ ಅಕ್ಕ,’ ಎಂದಳು ಲಿತಿಯಾ, ತಮ್ಮ ಊರಿನ ಮಾತಿನಲ್ಲಿ, ರಾಜಧಾನಿಯವರಿಗೆ ಕೂಡ ಅರ್ಥವಾಗದ ನದಿದಂಡೆಯ ಮಾತಿನಲ್ಲಿ. ‘ಸಣ್ಣಗಾಗಿದೀಯ. ಹೂಳೋ ದಿನ ಬಂದೋಳು ಆಮೇಲೆ ಒಂದ್ಸಲಾನೂ ಮನೆ ಕಡೆ ತಲೆ ಹಾಕ್ಲಿಲ್ಲ. ಅವ್ವ ದಿನಾ ಕೇಳ್ತಾಳೆ. ನಿನ್ನ ಮೇಲೆ ನಮ್ಗೆ ಏನೂ ಇಲ್ಲ, ಗೊತ್ತಾ?’

‘ಲಿತಿಯಾ, ನಾನು ನಿಂಗೊಂದು...’

‘ನಂಗೆ ಗೊತ್ತು. ಮಕೆರೆತಾ ಅತ್ತೆ ಅವತ್ತೇ ಹೇಳಿದ್ರು.’ ಲಿತಿಯಾ ಮಗುವಿನ ಬೆನ್ನು ನೀವುತ್ತಿದ್ದಳು, ದನಿಯಲ್ಲಿ ಹಾಡು ಹೇಳುವ ಮೆದು. ‘ದೀಪಕ್ಕೆ ಹಿಡ್ದು ನೋಡ್ದೆಯಂತೆ. ನಮ್ಗೆ ಕೆಟ್ಟದ್ದು ಬಂದಿತ್ತಂತೆ, ಅದನ್ನ ಆಚೆ ಕೂಸಿಗೆ ಹಾಕಿ ಒಳ್ಳೇದನ್ನ ನಮ್ಗೆ ಕೊಟ್ಯಂತೆ. ಊರಿಗೆಲ್ಲ ಗೊತ್ತು. ಅವ್ವ ಎಲ್ಲರ ಹತ್ರಾನೂ ಹೇಳ್ತಾಳೆ, ಸ್ವಂತ ಅಕ್ಕ ಆಗಿದ್ರೂ ಇಷ್ಟು ಮಾಡ್ತಿರ್ಲಿಲ್ಲ, ಉನೈಸಿ ಕೆಲಸ ಹೋಗೋದನ್ನೂ ನೋಡ್ಲಿಲ್ಲ ಅಂತ. ನಮ್ಗೆ ಉಳಿಸ್ಕೊಳ್ಳೋ ಭಾಗ್ಯ ಇರ್ಲಿಲ್ಲ, ನೀನೇನ್ ಮಾಡ್ತೀಯ?’

ಮಣ್ಣು ಮಾಡಿಬಿಡಿ ಎಂದು ಕೇಳುವ ಮುಂಚೆಯೇ ಮಣ್ಣು ಮಾಡಿದ್ದರು. ಅದರ ಮೇಲೆ ಹೂವನ್ನೂ ನೆಟ್ಟಿದ್ದರು. ಉನೈಸಿಗೆ ನಾಲ್ಕು ತಿಂಗಳ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ; ಚಾಪೆ ಹಿಡಿದುಕೊಂಡೇ ಬೆಂಚಿನ ತುದಿಗೆ ಕೂತಳು. ಊರಿಗೆಲ್ಲ ಗೊತ್ತು. ತಾನು ಒಬ್ಬಳೇ ಹೊತ್ತು ತಿರುಗಿದ ತಪ್ಪು ಊರಿನಲ್ಲಿ ಹೊಗಳಿಕೆಯಾಗಿ ಓಡಾಡುತ್ತಿತ್ತು. ಅಷ್ಟರಲ್ಲಿ ಇನ್ನೊಂದು ದನಿ ಕೇಳಿತು.

‘ಆ ಆಚೆ ಕೂಸು ಇದೇನಾ?’

ನದಿದಂಡೆಯ ಮಾತು. ಪದದ ಕೊನೆ ಎಳೆಯುವ ಅದೇ ರಾಗ. ಶಲೇಷ್ನಿ ರೊಟ್ಟಿಯ ಪೊಟ್ಟಣವನ್ನು ಬೆಂಚಿನ ಮೇಲಿಟ್ಟಿದ್ದಳು.

ಇಬ್ಬರೂ ಅವಳ ಕಡೆ ತಿರುಗಿದರು.

‘ಯಾಕ್ ಹಂಗೆ ನೋಡ್ತೀರ? ನದಿ ಆಚೆ ದಂಡೇಲಿ ಹುಟ್ಟಿದೋಳು ನಾನು. ಎಂಟನೇವರ್ಗೂ ನಿಮ್ಮೂರ ಸ್ಕೂಲಲ್ಲೇ ಓದಿದ್ದು. ನೀವು ಯಾವತ್ತೂ ಕೇಳ್ಲಿಲ್ಲ, ನೋಡಿದ್ ತಕ್ಷಣ ಹಿಂದಿ ಶುರು ಮಾಡಿದ್ರಿ.’ ಅವಳು ಉನೈಸಿಯನ್ನೇ ನೋಡುತ್ತಿದ್ದಳು. ‘ಯಾರೂ ಆರ್ಸೋದಲ್ಲ ಅಂದಿದ್ರಿ ನಂಗೆ. ಕೈ ಹಿಡ್ಕೊಂಡು ಹೇಳಿದ್ರಿ.’

‘ನಿಮ್ಮ ಮಗು ಚೆನ್ನಾಗಿದಾನೆ,’ ಎಂದಳು ಉನೈಸಿ. ಹೇಳಿದ ಮೇಲೆ ತಾನು ಹೇಳಿದ್ದು ಕೇಳಿಸಿತು.

‘ಚೆನ್ನಾಗಿದಾನೆ. ಅವತ್ತು ನಿಮ್ಗೆ ಅದು ಗೊತ್ತಿತ್ತಾ?’

ಲಿತಿಯಾ ಅಳುವ ದನಿಯಲ್ಲಿ, ‘ಅಕ್ಕ ಬೇಕಂತ ಮಾಡಿದ್ದಲ್ಲ, ನಮ್ಗೋಸ್ಕರ...’ ಎಂದಳು. ಶಲೇಷ್ನಿ ಎದ್ದು, ಅವಳ ತೊಡೆಯ ಮೇಲಿಂದ ಮಗುವನ್ನು ಎತ್ತಿಕೊಂಡಳು, ಒರಟಾಗಿ ಅಲ್ಲ, ಒಂದು ಕೈ ತಲೆಯ ಹಿಂದೆ ಇಟ್ಟು. ‘ನಿನ್ನ ಮೇಲೆ ನಂಗೇನೂ ಇಲ್ಲ ತಂಗಿ. ನಿನ್ನ ಕೂಸು ಹೋಯ್ತು. ನನ್ನ ಕೂಸು ಹೋಗ್ಲಿ ಅಂತ ಬಿಟ್ಟೋರು ಇವ್ರು.’

ಮಕೆರೆತಾ ಎಣಿಕೆಯ ಗಡಿಯಾರ ಹಿಡಿದು ಬಾಗಿಲಿಗೆ ಬಂದಿದ್ದಳು. ‘ಬಾರಮ್ಮ, ಮಲಗಿಸು, ಒಂದೇ ನಿಮಿಷ,’ ಎಂದಳು ತನ್ನ ಹರಕು ಹಿಂದಿಯಲ್ಲಿ.

‘ಬೇಡ. ಎಣಿಸ್ಬೇಡಿ. ನಿಮ್ಮ ಪುಸ್ತಕದಿಂದ ಕ್ರಿಶ್ನೀಲ್ ಹೆಸ್ರು ತೆಗೀರಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ, ಹಾಕಿ ಹೋಗ್ತೀನಿ.’

ಅದಕ್ಕೂ ಒಂದು ಹಾಳೆ ಇರುತ್ತದೆ. ಎರಡು ವರ್ಷದಲ್ಲಿ ಒಮ್ಮೆಯೂ ಬೇಕಾಗಿರಲಿಲ್ಲ, ಡ್ರಾಯರಿನ ತಳದಿಂದ ಹುಡುಕಿ ತೆಗೆಯಬೇಕಾಯಿತು. ಶಲೇಷ್ನಿ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಸಹಿ ಹಾಕಿದಳು. ಲಿತಿಯಾ ಮುಖ ಮುಚ್ಚಿಕೊಂಡು ಕೂತಿದ್ದಳು; ಹೋಗುವಾಗ ಶಲೇಷ್ನಿ ರೊಟ್ಟಿಯ ಪೊಟ್ಟಣವನ್ನು ಅವಳ ಪಕ್ಕದಲ್ಲೇ ಬಿಟ್ಟು ಹೋದಳು. ಮರೆತೋ, ಬೇಕೆಂದೋ.

ಉನೈಸಿ ಕೋಣೆಯೊಳಗೆ ಕೂತು ಎರಡೂ ಹಾಳೆಗಳನ್ನು ಮುಂದಿಟ್ಟುಕೊಂಡಳು. ನಾಲ್ಕು ತಿಂಗಳು ಅವಳು ಅತ್ತದ್ದು, ನಿದ್ದೆಗೆಟ್ಟದ್ದು, ಮನಸ್ಸಿನಲ್ಲೇ ತಲೆ ಬಗ್ಗಿಸಿ ಕೂತದ್ದು, ಎಲ್ಲವೂ ಸತ್ತ ಕೂಸಿನ ಮನೆಯ ಮುಂದೆ. ಬದುಕಿದ ಕೂಸಿನ ಮನೆ ಯಾವುದೆಂದು ಕೂಡ ಅವಳಿಗೆ ಗೊತ್ತಿರಲಿಲ್ಲ, ತಮ್ಮ ಊರಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು ಅದು. ಬದುಕಿತಲ್ಲ, ಸರಿಹೋಯಿತು ಎಂದು ಬಿಟ್ಟಿದ್ದಳು. ಯಾವುದು ಕೆಟ್ಟದ್ದೆಂದು ತಾನು ನಂಬಿದ್ದಳೋ ಅದನ್ನು ಎಪ್ಪತ್ತಾರು ಸಲ ಏದುತ್ತಿದ್ದ ಇನ್ನೊಬ್ಬಳ ಕೂಸಿನ ಮೂಗಿಗೆ ತಾನೇ ಕೈಯಾರೆ ಇಟ್ಟಿದ್ದಳು. ಈ ತಪ್ಪು ತಪ್ಪಾಗಲು ಕೂಸು ಸಾಯಬೇಕಾಗಿರಲಿಲ್ಲ. ಅವಳಿಗೆ ತನ್ನ ಬಗ್ಗೆ ಅಸಹ್ಯವಾಯಿತು, ತನ್ನ ದುಃಖದ ಬಗ್ಗೆ ಕೂಡ.

ಹೆಸರು ತೆಗೆಯುವ ಹಾಳೆಯಲ್ಲಿ ಮಗುವಿನ ಸಂಖ್ಯೆ, ತಾರೀಖು, ಕೊನೆಯ ಎಣಿಕೆ, ಆಮೇಲೆ ‘ಕಾರಣ’ ಎಂದು ಎರಡು ಸಾಲಿನ ಜಾಗ.

‘ಕಾರಣ ಬರೀಲೇಬೇಕು ಅಂತಿಲ್ಲ ಕಣೇ,’ ಎಂದಳು ಮಕೆರೆತಾ ಹಿಂದಿನಿಂದ. ಉಬ್ಬಸ ಜೋರಾಗಿತ್ತು. ‘ತಾಯಿಗೆ ಇಷ್ಟ ಇಲ್ಲ ಅಂದ್ರೆ ಸಾಕು. ಖಾಲಿ ಬಿಡು.’

ಉನೈಸಿ ಬರೆಯತೊಡಗಿದಳು. ದೀಪದ ಹಲಗೆ, ಕಂದು ಲಕೋಟೆ, ಯಾರು ಮೊದಲು ಬಂದದ್ದು, ಯಾರ ಹೆಸರು ಯಾವುದರ ಮೇಲೆ. ಎರಡು ಸಾಲು ಸಾಲದೆ ಅಂಚಿಗೆ ಹೋಯಿತು.

‘ನನ್ನ ಸಹಿ ಇದೆ ಆ ಲಕೋಟೆ ಮೇಲೆ,’ ಎಂದಳು ಮಕೆರೆತಾ.

‘ಇದೆ.’

‘ಎಂಟು ತಿಂಗ್ಳು, ಉನೈಸಿ.’ ಬೈಗುಳವಿಲ್ಲದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಗಡಿಯಾರವನ್ನು ಮೇಜಿನ ಮೇಲಿಟ್ಟು ಹೋದಳು. ಉನೈಸಿ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಮುಂದುವರಿಸಿದಳು. ಮೆಲ್ಬರ್ನಿನ ಹಾಳೆಯ ಮೇಲೆ ಮಸಿಯ ಒಂದು ಎಳೆ ಬಂದು ಕೂತಿತು. ಈ ಸಲ ಊದಿದಳು, ಅದು ಹೋಯಿತು, ಆ ಹಾಳೆಯನ್ನು ಸಹಿಯಿಲ್ಲದೆ ಇದರ ಕೆಳಗೆ ಸೇರಿಸಿ ಪಿನ್ನು ಹೊಡೆದಳು.

ಕಿಟಕಿಯ ಹತ್ತಿರವೇ ಗೇಟು. ಅಲ್ಲಿ ಶಲೇಷ್ನಿ ಬಸ್ಸಿಗೆ ಕಾಯುತ್ತ ನಿಂತಿದ್ದಳು, ಬೆನ್ನು ಇತ್ತ ಮಾಡಿ. ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು, ಬಿಸಿಲಿಗೆಂದು ಅಂಗಿ ಬಿಚ್ಚಿದ್ದಳು, ಸಣ್ಣ ಬೆನ್ನು ಏರುತ್ತ ಇಳಿಯುತ್ತ ಇತ್ತು. ಉನೈಸಿ ತಡೆಯುವ ಮುಂಚೆ ಕಣ್ಣು ಕೆಲಸ ಶುರುಮಾಡಿತ್ತು. ಬಸ್ಸು ಬರುವ ಹೊತ್ತಿಗೆ ನಿಮಿಷ ತುಂಬಿತ್ತು. ಮೂವತ್ತೆಂಟು. ಒಂದೇ ಸಮನೆ, ಎಲ್ಲೂ ತಡವರಿಸದ ಒಳ್ಳೆಯ ಉಸಿರು. ಅವಳು ಪೆನ್ನು ಎತ್ತಿಕೊಂಡಳು. ಎಣಿಸಬೇಡಿ ಎಂದಿದ್ದಳು ತಾಯಿ. ಕೊನೆಯ ಎಣಿಕೆಯ ಖಾನೆಯನ್ನು ಖಾಲಿ ಬಿಟ್ಟು, ಕೆಳಗೆ ತನ್ನ ಹೆಸರು ಬರೆದಳು.